ಒಂಬತ್ತನೆಯ ಮಹಡಿಯ ಕುರ್ಚಿಗಳು

ಹಡಗು ವೀಗೊ ಬಂದರು ಬಿಡುವ ಮೊದಲೇ
ಬಾಲ್ಕನಿಯ ಕುರ್ಚಿ ಎರಡನ್ನೂ ಒಳಗೆಳೆದುಕೊಂಡೆ.
ಉಶೀಯಾ ನಕ್ಕಳು: ‘ಅಮ್ಮಾ, ಸಮುದ್ರ ನೋಡಲೆಂದೇ
ಹೆಚ್ಚು ದುಡ್ಡು ತೆತ್ತಿದ್ದೇವೆ.’
ನೋಡು ಮಗಳೇ, ನಿಂತುಕೊಂಡು ನೋಡು.
ನಿನಗೆ ಅದು ಕುರ್ಚಿ.
ನಾಲ್ಕು ವರ್ಷದ ನಿನ್ನ ಮಗನಿಗೆ ಮೆಟ್ಟಿಲು.

ಕಾಂಗಾಸಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು
ನಲವತ್ತೊಂದು ವರ್ಷ ಬಲೆ ಹೆಣೆದವಳು ನಾನು.
ಬಲೆಯೆಂದರೆ ಎಲ್ಲರೂ ದಾರ ಅನ್ನುತ್ತಾರೆ,
ನಮಗೆ ಅದು ತೂತಿನ ಲೆಕ್ಕ.
ಮರಿಮೀನು ನುಸುಳಿ ಹೋಗಬೇಕು, ಹಾಗೆಂದು ಕಾನೂನು;
ಅಧಿಕಾರಿ ಬಂದು ಅಳತೆಪಟ್ಟಿ ತೂರಿಸಿ ನೋಡುತ್ತಿದ್ದ,
ಕೂದಲೆಳೆಯಷ್ಟು ಕಿರಿದಾದರೂ
ಬಿಚ್ಚು, ಮತ್ತೆ ಹೆಣೆ.
ಎಷ್ಟು ಸಾವಿರ ಮರಿಗಳಿಗೆ ದಾರಿ ಬಿಟ್ಟ ಕೈ ಇದು!
ಈ ಇಳಿವಯಸ್ಸಿನಲ್ಲಿ ಅದಕ್ಕೆ
ಉಲ್ಟಾ ಲೆಕ್ಕ.

ಕಟಾಂಜನದ ಗಾಜಿನ ಕೆಳಗೊಂದು ಸಂದು.
ಮುಷ್ಟಿ ತೂರಿಸಿದೆ, ಹೋಯಿತು.
ತಿಂಡಿಯ ಸಾಲಿನಿಂದ ಶಾಲಿನಡಿ ಮುಚ್ಚಿ ತಂದ ಕರಬೂಜ,
ಪುಟ್ಟ ಇರಿಯಾಳ ತಲೆಗಿಂತ ಒಂದು ಸುತ್ತು ಚಿಕ್ಕದು,
ನೂಕಿ ನೋಡಿದೆ. ಹೋಗಲಿಲ್ಲ.
ತಿರುಗಿಸಿ ನೂಕಿದೆ.
ಹೋಗಲಿಲ್ಲ.
ಆಮೇಲೆ ಅದನ್ನೇ ಹೆಚ್ಚಿ ಮಕ್ಕಳಿಗೆ ಕೊಟ್ಟೆ.
ಚಾಕು ಹಿಡಿದ ಕೈ ಯಾಕೋ ನಿಲ್ಲಲಿಲ್ಲ.

ಕೋಣೆ ನೋಡಿಕೊಳ್ಳುವ ಎಲ್ಪಿಡಿಯೊ ಇಲೋಯ್ಲೊ ಕಡೆಯವನು.
ಬೆಳಿಗ್ಗೆ ಬಂದವನೇ ಕುರ್ಚಿಗಳನ್ನು ಹೊರಗಿಟ್ಟು
ನಡುವೆ ಪುಟ್ಟ ಮೇಜಿಟ್ಟು, ಉಪ್ಪು ಒರೆಸಿ ಹೋದ.
ನಾನು ಒಳಗೆಳೆದೆ. ಸಂಜೆ ಅವನು ಹೊರಗಿಟ್ಟ.
ಮರುದಿನ ಚೀಲದಿಂದ ನೈಲಾನ್ ದಾರ ತೆಗೆದು
ಕುರ್ಚಿಗಳನ್ನು ಮಂಚದ ಕಾಲಿಗೆ ಬಿಗಿದೆ,
ಕಡಲೇ ಎಳೆದರೂ ಜಾರದ ಗಂಟು.
ಎಲ್ಪಿಡಿಯೊ ಮಂಡಿಯೂರಿ ಕೂತು ಅದನ್ನು ಸವರಿ ನೋಡಿದ.
ಬಿಚ್ಚಲಿಲ್ಲ.
ನನ್ನ ಮಾತು ಅವನಿಗೆ ಬಾರದು, ಅವನದು ನನಗೆ.
ಎದೆಮಟ್ಟಕ್ಕೆ ಕೈ ಹಿಡಿದು ತೋರಿಸಿದ, ಆಮೇಲೆ ಸೊಂಟಕ್ಕೆ,
ಆಮೇಲೆ ಮೊಣಕಾಲಿಗೆ.
ಮೂವರು.

ಆ ರಾತ್ರಿಯೇ ಸಿಳ್ಳೆ ಕೇಳಿಸಿದ್ದು.
ಬಾಗಿಲು ಬೆರಳಗಲ ತೆರೆದರೂ ಸಾಕು,
ಗಾಳಿ ಹಾಗೆ ಸಿಳ್ಳೆ ಹಾಕುತ್ತದೆ.
ಬ್ರೈಶೊ ತನ್ನ ಹಳದಿ ಪೆಟ್ಟಿಗೆಯನ್ನು ಉರುಳಿಸಿ ತಂದು
ಅದರ ಮೇಲೆ ಹತ್ತಿ ಹಿಡಿಕೆಗೆ ಜೋತುಬಿದ್ದಿದ್ದ,
ನಿದ್ದೆಗಣ್ಣು, ಬರಿಗಾಲು.
‘ಅಜ್ಜೀ, ಚಂದ್ರನಿಗೆ ಟಾಟಾ ಹೇಳಿರಲಿಲ್ಲ.’
ಬೈಯಲಿಲ್ಲ. ಸೊಂಟ ಹಿಡಿದು ಇಳಿಸಿಕೊಂಡೆ.
ಬೆಳಗಿನವರೆಗೂ ಅವನ ಅಂಗಿಯ ತುದಿ
ನನ್ನ ಬೆರಳಿಗೆ ಸುತ್ತಿಕೊಂಡೇ ಇತ್ತು.
ಮಕ್ಕಳು ಗಂಟು ಬಿಚ್ಚುವುದಿಲ್ಲ ತಾಯೀ,
ಗಂಟು ಹಾಕಲು ಮರೆತದ್ದನ್ನು
ಹುಡುಕುತ್ತಾರೆ.

ಮಗಳಿಗೆ ಹೇಳಿದೆ. ಅವಳು ಈ ಸಲ ನಗಲಿಲ್ಲ.
ಎಲ್ಪಿಡಿಯೊ ಹಡಗಿನ ಬಡಗಿಯನ್ನು ಕರೆತಂದ,
ಬಾಗಿಲ ನೆತ್ತಿಗೆ ಉಕ್ಕಿನ ಅಗುಳಿ ಕೂತಿತು,
ಯಾವ ಪೆಟ್ಟಿಗೆಗೂ ಎಟುಕದ ಎತ್ತರಕ್ಕೆ.

ನನಗೂ ಎಟುಕುವುದಿಲ್ಲ ಅಂತ ತಿಳಿದದ್ದು
ಐದನೆಯ ಸಂಜೆ. ಮಗಳು ಅಳಿಯ ಕೆಳಗೆ ಜಾದೂ ನೋಡಲು ಹೋಗಿದ್ದರು.
‘ಡಾಲ್ಫಿನ್! ಅಜ್ಜೀ, ತೆಗಿ, ತೆಗಿ!’
ತುದಿಗಾಲಲ್ಲಿ ನಿಂತೆ. ಊರುಗೋಲಿನಿಂದ ತಿವಿದೆ. ಊಹೂಂ.
ಕುರ್ಚಿಯಿತ್ತು, ಮಂಚಕ್ಕೆ ಕಟ್ಟಿಹಾಕಿಕೊಂಡು,
ನನ್ನದೇ ಗಂಟು, ನನ್ನದೇ ಬಿಗಿ.
ಅದನ್ನು ಬಿಚ್ಚಲು ನನ್ನ ಬೆರಳಿಗೆ ಈಗ ಹತ್ತು ನಿಮಿಷ ಬೇಕು,
ಡಾಲ್ಫಿನ್ನುಗಳಿಗೆ ಅಷ್ಟು ಪುರುಸೊತ್ತಿಲ್ಲ.

ಹಾಗಾಗಿ ಮೂವರೂ ಗಾಜಿಗೆ ಮೂಗೊತ್ತಿ ನಿಂತೆವು,
ಇರಿಯಾ ನನ್ನ ಕಂಕುಳಲ್ಲಿ, ಬ್ರೈಶೊ ಕಾಲಿಗಂಟಿ,
ಉಸಿರಿಗೆ ಗಾಜು ಮಬ್ಬಾಗಿ, ಒರೆಸಿ, ಮತ್ತೆ ಮಬ್ಬಾಗಿ.
‘ನೋಡೋ, ಬಲೆಯೊಳಗೆ ನಾವು,’ ಅಂದೆ,
‘ಹೊರಗೆ ಮೀನು.’

‘ಡಾಲ್ಫಿನ್ ಮೀನಲ್ಲ ಅಜ್ಜಿ,’ ಅಂದ ಅವನು,
ಕಣ್ಣು ಕೀಳದೆ.