ಎಚ್‌ನ ಕಾಲಿಗೆ ಒತ್ತು

ಬದಿಯಡ್ಕ ಪೇಟೆಯಲ್ಲಿ ಮೊಬೈಲು ರಿಪೇರಿಯವನ ಮೇಲ್ಗಡೆ
ಹದಿಮೂರು ಮೆಟ್ಟಿಲು ಹತ್ತಿದರೆ ನನ್ನ ಡಿಟಿಪಿ ಸೆಂಟರು.
ಮದುವೆ ಕಾಗದ, ಉರೂಸಿನ ನೋಟೀಸು, ಬಲಿವಾಡಿನ ರಶೀದಿ,
ಮೂರು ಭಾಷೆಗೆ ಮೂರು ರೇಟಿಲ್ಲ, ಪುಟಕ್ಕೆ ನಲವತ್ತು.
ರಸಾಯನಶಾಸ್ತ್ರಕ್ಕೆ ಮಾತ್ರ ಅರುವತ್ತು.
ಯಾಕೆ ಮಿಸ್ರಿಯಾ ಎಂದು ಕೇಳಿದವರಿಗೆ
ಕುರ್ಚಿ ಎಳೆದು ಕೊಡುತ್ತೇನೆ: ಕೂತು ನೋಡಿ.

ಎಚ್ ಒತ್ತಿ, ಎರಡು ಒತ್ತಿ, ಓ ಒತ್ತಿ.
ಕನ್ನಡದ ಫಾಂಟು, ನೀರು ಕೇಳಿದರೆ
ಊ೨ಔ ಎಂದು ಊಳಿಡುತ್ತದೆ.
ಫಾಂಟು ಬದಲಿಸಿ. ಎರಡನ್ನು ಹಿಡಿದು ಕುಗ್ಗಿಸಿ, ಇಳಿಸಿ,
ಮತ್ತೆ ಕನ್ನಡಕ್ಕೆ ಬನ್ನಿ. ಇಷ್ಟರಲ್ಲಿ
ಮೇಲಿನ ಸಾಲು ಜಾರಿ ಕೆಳಗಿನದರ ತಲೆ ಮುಟ್ಟಿರುತ್ತದೆ.
ಶಿಫ್ಟಿನಿಂದ ಕಿರುಬೆರಳು ಅರೆಗಳಿಗೆ ಮೊದಲೇ ಎದ್ದರೆ
ಹೊಗೆಯೊಳಗಿನ ವಿಷ ಹೋಗಿ
ಒಂದು ಲೋಹ ಬಂದು ಕೂತಿರುತ್ತದೆ.
CO. Co.
ಒಂದರಿಂದ ಜನ ಸಾಯುತ್ತಾರೆ,
ಇನ್ನೊಂದರಿಂದ ಗಾಜಿಗೆ ನೀಲಿ ಬರುತ್ತದೆ.

ಕಲಿಸಿದವರು ಐತ್ತಪ್ಪಣ್ಣ, ಅಚ್ಚುಮೊಳೆಯ ಕಾಲದವರು.
ಕುಂಬಳೆಯ ಪ್ರೆಸ್ಸು ಮುಚ್ಚಿದಾಗ
ಸಂಬಳದ ಬಾಕಿಗೆಂದು ಒಂದು ಕೇಸು ಮೊಳೆ
ತಲೆಯ ಮೇಲೆ ಹೊತ್ತು ತಂದವರು.
ಅವರಲ್ಲಿ ಸಣ್ಣ ಅಂಕೆಗಳೇ ಇರಲಿಲ್ಲವಂತೆ.
ಹೈಸ್ಕೂಲಿನ ಪ್ರಶ್ನೆಪತ್ರಿಕೆ ಬಂದ ದಿನ
ಬಸ್ಸಿನ ಟಿಕೇಟು ಪುಸ್ತಕಕ್ಕೆ ತಂದಿದ್ದ ಚಿಕ್ಕ ನಾಲ್ಕನ್ನು ಕದ್ದು
ಮೇಲೆ ತಗಡಿನ ಚೂರು, ಪಕ್ಕಕ್ಕೆ ಸಿಗರೇಟು ಪ್ಯಾಕಿನ ರಟ್ಟು ತುರುಕಿ
ಗಂಧಕಾಮ್ಲವನ್ನು ನಿಲ್ಲಿಸಿದರಂತೆ.
‘ಇದೇನು ಹೊಸತಾ ಮಗಳೇ?
ಅಕ್ಕ ಅನ್ನುವಲ್ಲಿ ಒಂದು ಕ ಇನ್ನೊಂದರ ಕಾಲಡಿಗೆ ಕೂರುವುದಿಲ್ಲವಾ?
ಎಚ್‌ನ ಕಾಲಿಗೆ ಎರಡು ಅಂದರೆ ಅದರ ಒತ್ತು.
ಇಂಗ್ಲಿಷಿನವರಿಗೆ ಅದು ತಲೆನೋವು. ನಮಗೆ ಒಂದನೇ ಕ್ಲಾಸು.’

ನನ್ನ ಮನೆಮಾತನ್ನು ನಮ್ಮಲ್ಲಿ ಯಾರೂ ಬರೆದದ್ದಿಲ್ಲ.
ಆದರೂ ಉಮ್ಮ ಎಂದು ಒಮ್ಮೆ ಟೈಪು ಮಾಡಿ ನೋಡಿದೆ,
ಅಲ್ಲೂ ಅದೇ ಮ, ಅದೇ ಕಾಲಡಿ.

ಹೋದ ವರ್ಷ ದೇಜಪ್ಪ ಮಾಸ್ಟ್ರು ತಂದ ಪತ್ರಿಕೆಯಲ್ಲಿ
ಅಮೋನಿಯಾದ ಪ್ರಶ್ನೆಯಿತ್ತು.
ನೈಟ್ರೋಜನ್ನು, ಹೈಡ್ರೋಜನ್ನು, ನಡುವೆ ಜೋಡಿ ಬಾಣ:
ಮೇಲಿನದಕ್ಕೆ ಮೇಲೊಂದೇ ಮುಳ್ಳು, ಆಚೆಗೆ.
ಕೆಳಗಿನದಕ್ಕೆ ಕೆಳಗೊಂದೇ ಮುಳ್ಳು, ಈಚೆಗೆ.
ಹುಡುಕಿದೆ, ಯಾವ ಫಾಂಟಿನಲ್ಲೂ ಸಿಗಲಿಲ್ಲ.
ರಾತ್ರಿ ಒಂಬತ್ತೂವರೆ, ಕರೆಂಟು ಹೋಗಿ ಬಂದು ಹೋಗಿ,
ಕೊನೆಗೆ ಒಂದೇ ಬಾಣ ಎಳೆದು ಮುಗಿಸಿದೆ.
ಯಾರು ನೋಡುತ್ತಾರೆ?
ಹತ್ತನೆಯ ಕನ್ನಡ ಮೀಡಿಯಮ್ಮಿನಲ್ಲಿ
ಇರುವುದೇ ಹತ್ತೊಂಬತ್ತು ಮಕ್ಕಳು.

ನೋಡಿದವಳು ಹರಿಣಾಕ್ಷಿ, ಪೆರಡಾಲದ ಕಡೆಯವಳು.
ಪ್ರಶ್ನೆಪತ್ರಿಕೆಯಲ್ಲೇ ನನ್ನ ಬಾಣದ ಕೆಳಗೆ
ಪೆನ್ಸಿಲಿನಿಂದ ಇನ್ನೊಂದು ಎಳೆದು ಬರೆದಿದ್ದಳು:
‘ಹಿಂದಕ್ಕೆ ಬರುವುದು ಬಿಟ್ಟುಹೋಗಿದೆ.
ಹೀಗಾದರೆ ಎಲ್ಲವೂ ಆ ಕಡೆಯೇ ಮುಗಿದುಹೋಗುತ್ತದೆ.’
ಮಾಸ್ಟ್ರು ಅದನ್ನು ಮೇಜಿನ ಮೇಲಿಟ್ಟರು.
ಏನೂ ಹೇಳಲಿಲ್ಲ. ಚಾ ಕುಡಿದು ಹೋದರು.

ಈ ವರ್ಷ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ.
ಐತ್ತಪ್ಪಣ್ಣ ಇದ್ದಿದ್ದರೆ ಹಿತ್ತಾಳೆಯ ರೂಲು ಅರೆದು
ಮುಳ್ಳು ಮಾಡುತ್ತಿದ್ದರು, ಬೆರಳಿಗೂ ಒಂದು ಗಾಯ.
ನಾನು ಗೆರೆ ಎಳೆದೆ, ಓರೆಯಾಗಿ ಚೂರು ಸೇರಿಸಿದೆ,
ಅದನ್ನೇ ನಕಲು ಮಾಡಿ ತಿರುಗಿಸಿದೆ.
ತೆಕ್ಕಿಲ ಬಸ್ಸು ಹೋದ ಸದ್ದು, ಅಥವಾ ಬಂದದ್ದೋ ಏನೋ,
ಮೇಲಿನಿಂದ ಎರಡೂ ಒಂದೇ ಥರ ಕೇಳುತ್ತದೆ.
ಕೂದಲೆಳೆಯಷ್ಟು ಸಂದಿ ಇರಬೇಕು ನಡುವೆ.
ಇಲ್ಲದಿದ್ದರೆ ಝೆರಾಕ್ಸಿನಲ್ಲಿ ಎರಡೂ ಕೂಡಿ
ಒಂದು ಕಪ್ಪು ಪಟ್ಟಿ.

ಮಾಸ್ಟ್ರಿಗೆ ಬಿಲ್ಲು ಬರೆದೆ:
ಪುಟ ನಾಲ್ಕು, ಇನ್ನೂರ ನಲವತ್ತು.
ಬಾಣದ ಹಿಂದಿರುಗುವ ಅರ್ಧಕ್ಕೆ ಹಾಕಿಲ್ಲ.
ಅದು ಹೋದ ವರ್ಷದ ಬಾಕಿ.