ಉಳಿದಿರುವುದು ಹದಿನಾಲ್ಕು ಗಂಟೆ

ಗುಡ್ಡ ಹತ್ತಿಸುವ ಹಳಿಬಂಡಿ ಬುಧವಾರವೂ ಕೆಟ್ಟಿತ್ತು.
ವಾಲ್ಪರೈಸೊದಲ್ಲಿ ಇದೇನೂ ಸುದ್ದಿಯಲ್ಲ.
ನೂರಾ ಅರವತ್ತೆರಡು ಮೆಟ್ಟಿಲು, ಬೆನ್ನಿಗೆ ಚೀಲ.
ಮೂರು ನಾಯಿ ಜೊತೆ ಬಂದವು, ಒಂದು ಮಾತ್ರ ಕೊನೆತನಕ.

ಬಾಗಿಲು ತೆಗೆದವಳು ಎದುವೀಹಿಸ್. ಎಪ್ಪತ್ತೆಂಟು.
"ಕೂರಬೇಡ, ಮೊದಲು ನೋಡು" ಅಂದಳು.
ಮೇಜಿನ ಈ ತುದಿಗೆ ಅವಳ ಕಂಪ್ಯೂಟರು,
ಆ ತುದಿಗೆ ತಮ್ಮ ಎರ್ಮೊಹೆನೆಸನದು,
ನಡುವೆ ಬ್ರೆಡ್ಡಿನ ಬುಟ್ಟಿ.

ಅಗ್ನಿಶಾಮಕ ದಳದ ಹಳೆಯ ಫೋಟೊಗಳು,
ಅಪ್ಪ ಸಂಬಳವಿಲ್ಲದೆ ಏಣಿ ಹೊತ್ತ ದಳ.
ಅವಳು ಸ್ಕ್ಯಾನ್ ಮಾಡಿದ್ದು ಒಂಬತ್ತು ಸಾವಿರ.
ಹೆಸರು ಬರೆಯುವುದು ತಮ್ಮನ ಕೆಲಸ,
ಮುಖ ನೆನಪಿರುವುದು ಅವನಿಗೇ.
ಪರದೆಯ ಮೇಲೆ ಒಂದು ಹಸಿರು ಗೆರೆ
ಉಂಡು ಮಲಗಿದ ಹುಳುವಿನಂತೆ ಬಿದ್ದುಕೊಂಡಿತ್ತು.
ಉಳಿದಿರುವುದು ಹದಿನಾಲ್ಕು ಗಂಟೆ.
ನಾನು ನೋಡುತ್ತಿದ್ದಂತೆ ಹದಿನೇಳಾಯಿತು.

"ಬೆಂಕಿಗೆ ಹೀಗೆ ಹೋಗಿದ್ದರೆ
ಊರೇ ಬೂದಿ" ಅಂದ ಎರ್ಮೊಹೆನೆಸ್.

ಕೇಳಬೇಕಾದ್ದನ್ನೆಲ್ಲ ಕೇಳಿದೆ.
ಮೈಕ್ರೋವೇವ್ ಓಡುತ್ತಿದೆಯೆ?
ಇಲ್ಲ, ಅದರಲ್ಲಿ ಈರುಳ್ಳಿ ಇಡುತ್ತೇವೆ.
ಅಕ್ಕಪಕ್ಕದ ಸಿಗ್ನಲು ಎಣಿಸಿದೆ: ಇಪ್ಪತ್ತಮೂರು.
ಒಂದರ ಹೆಸರು 'ನಿನ್ನದು ನೀನೇ ಕೊಂಡುಕೋ'.
ಎಲ್ಲರೂ ಒಂದೇ ಚಾನೆಲ್ಲಿನಲ್ಲಿ,
ಸಂತೆ ಮುಗಿಯುವ ಹೊತ್ತಿಗೆ ಟೊಮ್ಯಾಟೊ ಕೂಗುವವರ ಹಾಗೆ.
ಖಾಲಿ ಇದ್ದ ಹನ್ನೊಂದಕ್ಕೆ ಬದಲಿಸಿದೆ.
ಹದಿನೇಳು ಹದಿನೈದಾಯಿತು.
ಎದುವೀಹಿಸ್ ಚಪ್ಪಾಳೆ ತಟ್ಟಿದಳು. ನನಗೇ ನಾಚಿಕೆ.

ನೋಡಿ, ಅಂದೆ, ನಿಮ್ಮ ಫೋಟೊ
ಬುಟ್ಟಿ ದಾಟಿ ಆಚೆ ತುದಿಗೆ ಹೋಗುವುದಿಲ್ಲ.
ಮೊದಲು ರೌಟರಿಗೆ, ಅಲ್ಲಿಂದ ವಾಪಸು,
ಕೊಂಕಣ ಸುತ್ತಿ ಮೈಲಾರ.
ಒಂದೊಂದು ತುಣುಕೂ ಗಾಳಿಯಲ್ಲಿ ಎರಡೆರಡು ಸಲ,
ಒಂದು ಹೊರಟರೆ ಇನ್ನೊಂದು ಕಾಯಬೇಕು.
"ರೌಟರ್ ಎಲ್ಲಿದೆ?"
"ಅಡುಗೆಮನೆಯಲ್ಲಿ. ಈ ಗೋಡೆಯಾಚೆ. ನಾಲ್ಕು ಹೆಜ್ಜೆ."
ನಾಲ್ಕು ಹೆಜ್ಜೆಗೆ ಇಷ್ಟೊಂದು ಏದುಸಿರೆ?
ಗೋಡೆ ತಟ್ಟಿದೆ. ಹೂವಿನ ಕಾಗದ, ಹಲಗೆಯ ಸದ್ದು.
ಎಲ್ಲ ಗೋಡೆಗಳ ಹಾಗೆ. ಬಿಟ್ಟೆ.

ಚಹಾ ಬಂತು.
ಬಂದಷ್ಟು ಫೋಟೊಗಳನ್ನು ಎರ್ಮೊಹೆನೆಸ್ ತೆರೆಯುತ್ತ ಹೋದ.
ಹೊಸ ಕೊಳವೆ ಹಿಡಿದ ದಪ್ಪ ಮೀಸೆಗಳು.
ಹೆಲ್ಮೆಟ್ಟಿನೊಳಗೆ ಮಲಗಿದ ಬೆಕ್ಕು.
ಸುಟ್ಟ ಔಷಧಿ ಅಂಗಡಿಯ ಮುಂದೆ ನಗುವ ಏಳು ಜನ.
"ಇವನು ಓಸ್ವಾಲ್ದೊ. ಸತ್ತ. ನನ್ನ ಛತ್ರಿ ಅವನ ಹತ್ತಿರವೇ ಉಳಿಯಿತು."
ನಾನೂರ ಹನ್ನೆರಡನೆಯದು
ಇದೇ ಮನೆ.

ಏಣಿಯ ಮೇಲೆ ಅಪ್ಪ. ಕೆಳಗೆ
ಬಣ್ಣದ ಡಬ್ಬಿ ಹಿಡಿದ ಹುಡುಗ.
ಬಳಿಯುತ್ತಿದ್ದದ್ದು ಏರಿಳಿವ ತಗಡಿನ ಹೊರಗೋಡೆ.
ಫೋಟೊ ಕಪ್ಪುಬಿಳುಪು, ಆದರೂ ಅವನು "ಹಳದಿ" ಅಂದ.
ಅದರಾಚೆ ಏನೂ ಇಲ್ಲ, ಕಡಲು.
ಅಡುಗೆಮನೆ ಇನ್ನೂ ಹುಟ್ಟಿರಲಿಲ್ಲ.

ಮೂವರೂ ತಿರುಗಿ
ಹೂವಿನ ಕಾಗದವನ್ನು ನೋಡಿದೆವು.
"ಅಡುಗೆಮನೆ ಕಟ್ಟಿದಾಗ ತಗಡು ತೆಗೆದಿರಾ?"
"ದುಡ್ಡು ಕೊಟ್ಟು ತಂದ ತಗಡು,
ಯಾಕೆ ತೆಗೆಯಬೇಕು?" ಅಂದಳು.
ಎರಡೂ ಕಡೆ ಹಲಗೆ ಹೊಡೆದು ಒಳಗೇ ಬಿಟ್ಟಿದ್ದಾರೆ.
ಐವತ್ತೆಂಟು ವರ್ಷ ಕತ್ತಲಲ್ಲಿ ನಿಂತು
ಮಳೆಯನ್ನು ತಡೆಯಲೆಂದು ಕಾದಿದೆ.
ಮಳೆ ಅತ್ತ ಬರಲೇ ಇಲ್ಲ.
ಬಂದದ್ದನ್ನು ತಡೆದಿದೆ.

ಚೀಲದಲ್ಲಿ ಎರಡು ಮೀಟರ್ ಕೇಬಲ್ ಇತ್ತು.
ಬುಟ್ಟಿಯ ಕೆಳಗಿಂದ ಹಾಯಿಸಿ
ಈ ಕಂಪ್ಯೂಟರಿಗೂ ಆ ಕಂಪ್ಯೂಟರಿಗೂ ನೇರ ಕಟ್ಟಿದೆ.
ಹತ್ತೊಂಬತ್ತು ನಿಮಿಷ.
ಮುಖಗಳು ಸುರಿಯತೊಡಗಿದವು,
ಎರ್ಮೊಹೆನೆಸ್ ಒಬ್ಬನ ಹೆಸರು ಬರೆಯುವಷ್ಟರಲ್ಲಿ ಇನ್ನೂರು.
ಅವನು ಬರೆಯುವುದು ಬಿಟ್ಟು ಬ್ರೆಡ್ಡು ಮುರಿದ.

ನಾಳೆಗೂ ಬೇಕಲ್ಲ, ರೌಟರನ್ನು ಈಚೆಗೆ ತರೋಣ ಅಂತ
ಎದುವೀಹಿಸ್ ಸುತ್ತಿಗೆ ತಂದಳು.
ನನ್ನನ್ನು ಮುಟ್ಟಗೊಡಲಿಲ್ಲ, ತಾನೇ ಹೊಡೆದಳು.
ಮೊಳೆ ಕಾಗದ ದಾಟಿತು, ಹಲಗೆ ದಾಟಿತು,
ಆಮೇಲೆ ಠಣ್ ಎಂದು ನಿಂತಿತು.

"ಇದೆ, ಇದೆ" ಅಂದ ತಮ್ಮ,
ಬಾಯಿತುಂಬ ಬ್ರೆಡ್ಡು.