ಅಳತೆ

ಹುಡುಗರು ಕೇಳುತ್ತಾರೆ, ಅಕ್ರಾದ ಬುಕೋಮಿನ ಈ ತಗಡಿನ ಜಿಮ್ಮಿನಲ್ಲಿ
ಗ್ಲೌಸಿನ ದಾರ ಹಲ್ಲಲ್ಲಿ ಕಚ್ಚಿ ಬಿಗಿಯುತ್ತ:
"ತಾತ, ಒಕ್ಪೋಟಿ ಹೊಡೆಯುತ್ತಿದ್ದದ್ದು ಹೇಗೆ? ತೋರಿಸು."

ಏನು ತೋರಿಸಲಿ, ಮಣ್ಣು!
ಅವನಿಗೆ ಹೊಡೆಯಲು ಬರುತ್ತಿರಲಿಲ್ಲ.

ಜ್ಯಾಬ್ ಅಂದರೆ ಬಾಗಿಲು ತಟ್ಟಿದ ಹಾಗಿರಬೇಕು, ಅನ್ನುತ್ತಿದ್ದರು ಗುರು ಅಜೆಟೆ:
ತಟ್ಟು, ಹಿಂದೆ ಸರಿ, ಯಾರು ಬಂದರೋ ನೋಡು.
ಒಕ್ಪೋಟಿಯದು ಬಾಗಿಲನ್ನೇ ಕಿತ್ತು ಹೆಗಲಲ್ಲಿ ಹೊತ್ತು ಬಂದ ಹಾಗೆ.
ಎಡಗಾಲ ಮೇಲೆ ಬಲಗಾಲು, ಬಲಗಾಲ ಮೇಲೆ ಅವನದೇ ನೆರಳು.
ಹಗ್ಗ ಜಿಗಿ ಎಂದರೆ ಮೂರನೆಯ ನೆಗೆತಕ್ಕೆ
ಕೊರಳಿಗೆ ಸುತ್ತಿಕೊಂಡು ನಿಲ್ಲುತ್ತಿದ್ದ, ನಗುತ್ತ,
ಮಾರಲು ತಂದ ಮೇಕೆಯಂತೆ.

"ಇವನ ಕಾಲಿಗೆ ಕಿವಿಯಿಲ್ಲ" ಎಂದರು ಗುರು,
ಕೈಗೆ ಕಸಬರಿಕೆ ಕೊಟ್ಟರು.
ಎರಡು ವರ್ಷ ಗುಡಿಸಿದ.

ನಾನೋ
ದರ್ಜಿಯ ಮಗ. ಹುಟ್ಟುತ್ತಲೇ ಅಳತೆ ಬಲ್ಲವನು.
ಎದುರಾಳಿಯ ಗದ್ದಕ್ಕೂ ನನ್ನ ಮುಷ್ಟಿಗೂ ಎಷ್ಟು ಗೇಣೆಂದು
ಕಣ್ಣಲ್ಲೇ ಅಳೆದು, ಗುರುತು ಹಾಕಿ, ಕತ್ತರಿಸುವವನು.
ಪತ್ರಿಕೆಯಲ್ಲಿ ಬರೆದಿದ್ದರು: ಲಾರ್ಯೆ ರಿಂಗಿನಲ್ಲಿ ಕಸೂತಿ ಹಾಕುತ್ತಾನೆ.
ಆ ತುಣುಕು ಇನ್ನೂ ಇದೆ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ,
ಗುಂಡಿಗಳ ಕೆಳಗೆ.

ಎಪ್ಪತ್ತಾರರ ಆಗಸ್ಟು. ಹಸಿವನ್ನು ಕೂಗಿ ಅಣಕಿಸುವ
ಹೊಮೊವೊ ಹಬ್ಬ ಮುಗಿದ ವಾರ.
ನನ್ನೆದುರು ಇಳಿಯಬೇಕಾದವನಿಗೆ ಮಲೇರಿಯಾ.
ಟಿಕೆಟ್ಟು ಮಾರಿಯಾಗಿದೆ, ದುಡ್ಡು ಖರ್ಚಾಗಿದೆ, ಯಾರಾದರೂ ಬೇಕು.
ಕಸಬರಿಕೆ ಗೋಡೆಗೆ ಒರಗಿಸಿ ಬಂದ.

ಮೊದಲ ಆರು ಸುತ್ತುಗಳ ಕತೆ ಹೇಳಲು ನನಗೆ ಬಲು ಇಷ್ಟ.
ಇಟ್ಟ ಕಡೆ ಬಿತ್ತು ಪ್ರತಿಯೊಂದು ಪೆಟ್ಟು, ಹೊಲಿಗೆ ಹಾಕಿದಂತೆ, ಒಂದೇ ಅಂತರ.
ಮೂರರಲ್ಲಿ ಅವನ ಹುಬ್ಬು ಬಿರಿಯಿತು. ಜನ ಬಿದ್ದು ಬಿದ್ದು ನಕ್ಕರು.
ಕೆಂಕಿ ಮಾರುವ ಅವನ ತಾಯಿ ನಾ ಕೋರ್ಕೋಯ್
ತಲೆಯ ಮೇಲಿನ ಬೋಗುಣಿ ಇಳಿಸದೆಯೇ ನಿಂತಿದ್ದಳು,
ಇನ್ನೇನು ಹೊರಟುಬಿಡುವವಳ ಹಾಗೆ.

ಏಳರಲ್ಲಿ ನನಗೆ ಹೊಳೆಯಿತು:
ಇವನು ಬೀಳುವುದನ್ನೂ ಕಲಿತಿಲ್ಲ.

ಒಂಬತ್ತರ ಪ್ರಾಯಕ್ಕೇ ದೋಣಿ ಹತ್ತಿದ ಹುಡುಗ.
ಪಾದ ಅಗಲ, ಮಂಡಿ ಸಡಿಲ,
ಅಲೆ ಎತ್ತಿದರೆ ಎದ್ದ, ಇಳಿಸಿದರೆ ಇಳಿದ.
ಅಷ್ಟು ನೀರು ಕಂಡವನಿಗೆ
ನಾನೂ ಒಂದು ಅಲೆ, ಇವತ್ತಿನದು.
ಅಲೆಯ ಮೇಲೆ ಯಾರಾದರೂ ಮುನಿಸಿಕೊಳ್ಳುತ್ತಾರೆಯೇ?
ಕೆಂಪಾದ ಮುಖ ಎತ್ತಿ ನನ್ನನ್ನು ನೋಡಿದ,
ಹವಾಮಾನ ನೋಡುವವನಂತೆ.

ಒಂಬತ್ತು.
ನನ್ನ ತೋಳುಗಳು ಹಿಂಡದ ಬಟ್ಟೆ.
ಅವನು ಬಲಗೈ ಹಿಂದಕ್ಕೊಯ್ದ,
ಸಮುದ್ರದಲ್ಲಿರುವವರಿಗೂ ಕಾಣುವಷ್ಟು ನಿಧಾನವಾಗಿ.
ಎಲ್ಲಿಂದಲೋ ಭಾರದ ಬಲೆಯೊಂದನ್ನು ಎಳೆದು ತರುತ್ತಿದ್ದ.
ಮಗುವೂ ತಪ್ಪಿಸಿಕೊಳ್ಳಬಹುದಿತ್ತು.
ನಾನು ನೋಡಿದೆ. ಅಳೆದೆ.
ಅಳತೆ ಸರಿಯಾಗಿಯೇ ಇತ್ತು.
ಕಾಲು ಬರಲಿಲ್ಲ.

ಆಮೇಲೆ ಲೋಮೆಯಲ್ಲಿ ಗೆದ್ದ, ಲಾಗೋಸಿನಲ್ಲಿ ಗೆದ್ದ, ಲುಸಾಕಾದಲ್ಲಿ
ಎರಡು ಪಕ್ಕೆಲುಬು ಮುರಿಸಿಕೊಂಡು ಪಟ್ಟ ತಂದ.
ಎಲ್ಲ ಕಡೆಯೂ ಹಾಗೇ, ಅಂದಗೆಟ್ಟು,
ಪೆಟ್ಟಿನ ಹಿಂದೆ ತಾನೇ ಎಡವಿ ಬೀಳುತ್ತ.
ಸೋತವರೆಲ್ಲ ಒಂದೇ ಮಾತು ಹೇಳಿದರು:
ಕಂಡಿತ್ತು, ಬರುವುದು ಕಂಡಿತ್ತು.

ಪಟ್ಟ ಬಂದ ವರ್ಷ ನನ್ನ ಅಂಗಡಿಗೆ ಬಂದ, ಕೋಟು ಹೊಲಿಸಲು.
ಮಂತ್ರಿಗಳ ಮನೆ ಊಟವಂತೆ.
ನಾನು ಅವನನ್ನು ಮುಟ್ಟಿದ್ದು ಅದು ಎರಡನೆಯ ಸಲ.
ಟೇಪು ಹಿಡಿದೆ: ಬಲಹೆಗಲು ಎಡಕ್ಕಿಂತ ಎರಡು ಬೆರಳು ಕೆಳಗೆ.
"ಒಳಗೆ ಹತ್ತಿ ತುಂಬಿ ಸರಿಮಾಡುತ್ತೇನೆ," ಅಂದೆ. "ಯಾರಿಗೂ ಗೊತ್ತಾಗದು."
"ಬೇಡ, ಹಾಗೇ ಇರಲಿ," ಅಂದ.
"ಹಗ್ಗ ಅಲ್ಲಿ ಕೂರುತ್ತದೆ."

ಕೂಲಿ ಕೊಟ್ಟ. ಚೌಕಾಸಿ ಮಾಡಲಿಲ್ಲ. ಹೊಸಲು ಎಡವಿ ಹೋದ.

ಎಡಗಾಲು ಮುಂದೆ, ಹುಡುಗರೇ. ಗದ್ದ ಒಳಗೆ.
ನನಗೆ ಬರುವುದು ಇಷ್ಟೇ.